ಆಟದ ಪುಟದಲ್ಲೊಂದು ತೂತು

ಎಪ್ಪತ್ತರ ದಶಕದ ಕೊನೆಗೆ ನಾನು ಹುನಗುಂದದ ಕೋರ್ಟಿನಲ್ಲಿ ಗುಮಾಸ್ತನಾಗಿದ್ದೆ. ಕಾರ್ ರೇಸಿನ ಹುಚ್ಚಿದ್ದವನು ಇಡೀ ಊರಿನಲ್ಲಿ ನಾನೊಬ್ಬನೇ. ಹುಚ್ಚು ಹಚ್ಚಿದವರು ಮದ್ರಾಸಿನಲ್ಲಿದ್ದ ಅಕ್ಕನ ಗಂಡ. ರಜೆಗೆ ಹೋದಾಗ ಊರಾಚೆಯ ಹಳೆಯ ವಿಮಾನಪಟ್ಟಿಯ ಮೇಲೆ ರೇಸು ತೋರಿಸಿದ್ದರು. ಒಂಟಿ ಸೀಟಿನ, ಗಾಲಿಗಳು ಹೊರಗೇ ಕಾಣುವ ಫಾರ್ಮುಲಾ ಕಾರುಗಳನ್ನು ನೋಡಿ ಬೆರಗಾದೆ, ನಿಜ. ಆದರೆ ಮನಸ್ಸು ಸೋತದ್ದು ಟೂರಿಂಗ್ ಕಾರುಗಳ ಓಟಕ್ಕೆ. ಬಾಗಲಕೋಟೆಯ ಡಾಕ್ಟರು ಶಿರೂರಿಗೆ ರೋಗಿ ನೋಡಲು ಹೋಗುವಂಥದೇ ಮನೆಬಳಕೆಯ ಕಾರು. ಬಾಗಿಲಿಗೆ ನಂಬರು ಬಳಿದುಕೊಂಡು, ತಿರುವಿನಲ್ಲಿ ಒಂದು ಗಾಲಿ ಎತ್ತಿಕೊಂಡು ಓಡುತ್ತಿತ್ತು. ಇಂಥ ಸಾಧುಪ್ರಾಣಿಯ ಹೊಟ್ಟೆಯಲ್ಲಿ ಇಷ್ಟು ಕಿಚ್ಚಿದೆಯೆಂದು ಯಾರಿಗೆ ಗೊತ್ತಿತ್ತು!

ಮರಳಿ ಬಂದು ಹೇಳಿದರೆ ಕೇಳುವವರಿಲ್ಲ. ಕೋರ್ಟಿನ ಹಿರಿಯ ಗುಮಾಸ್ತರು ಎಲೆ ಅಡಿಕೆ ಮೆಲ್ಲುತ್ತ ಕೇಳಿದರು:

"ಅಷ್ಟ ಜೋರ ಹೊಡಕೊಂಡು ಎಲ್ಲಿಗೆ ಹೋಗ್ತಾರಪಾ?"

"ಎಲ್ಲಿಗೂ ಇಲ್ಲರಿ. ಸುತ್ತ ಹಾಕಿ ಹೊಂಟಲ್ಲಿಗೇ ಬರ್ತಾರ್ರಿ."

"ಅದಕ್ಕ ಗಾಣದ ಎತ್ತ ಸಾಕಲ್ಲೋ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಆ ಮಾತನ್ನೇ ಎತ್ತಲಿಲ್ಲ.

ರೇಸಿನ ಸರಣಿ ಚಳಿಗಾಲದ್ದು. ಒಮ್ಮೆ ಮದ್ರಾಸಿನಲ್ಲಿ, ಒಮ್ಮೆ ಕಲ್ಕತ್ತೆಯಲ್ಲಿ, ಮತ್ತೆ ಮದ್ರಾಸಿನಲ್ಲಿ. ವಾಚನಾಲಯಕ್ಕೆ ಬರುತ್ತಿದ್ದ ಒಂದೇ ಇಂಗ್ಲಿಷ್ ಪತ್ರಿಕೆ ಆಟದ ಪುಟದ ಮೂಲೆಯಲ್ಲಿ ಅದರ ಬಗ್ಗೆ ನಾಲ್ಕು ಸಾಲು ಹಾಕುತ್ತಿತ್ತು. ಶನಿವಾರದ ರೇಸಿನ ಸುದ್ದಿಯಿರುವ ಭಾನುವಾರದ ಪತ್ರಿಕೆ ನಮಗೆ ಸಿಗುವುದು ಸೋಮವಾರದ ಬಸ್ಸಿಗೆ. ಆ ವರ್ಷ ಮೊದಲ ರೇಸಾದ ಸೋಮವಾರ ಕೋರ್ಟು ಮುಗಿಸಿ ಓಡಿದೆ. ನಾಲ್ಕು ಸಾಲು ಇರಬೇಕಾದಲ್ಲಿ ತೂತು! ಯಾರೋ ಬ್ಲೇಡಿನಿಂದ ಚೌಕಾಗಿ ಕೊಯ್ದಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಂಥವರಿಗೆ ಅಕ್ಷರ ಕಲಿಸಿದವರು ಯಾರೆಂದು ಮನಸಾರೆ ಬೈದೆ. ಕಲ್ಕತ್ತೆಯ ರೇಸಿನ ವಾರವೂ ಅದೇ ಮೂಲೆಯಲ್ಲಿ ಅದೇ ತೂತು.

ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಿದ್ದಾಗ ತಟ್ಟನೆ ಹೊಳೆಯಿತು. ಹಾಗಾದರೆ ನನ್ನಂಥವನು ಇನ್ನೊಬ್ಬನಿದ್ದಾನೆ! ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅಂದಿನಿಂದ ದಾರಿಯಲ್ಲಿ ಎದುರಾದವರ ಮುಖವನ್ನೆಲ್ಲ ನೋಡತೊಡಗಿದೆ. ಹೊಸದಾಗಿ ಬಂದ ಎಂಜಿನಿಯರನೋ? ಇಳಕಲ್ಲಿನ ಕಲ್ಲುಗಣಿಯವನೋ? ಸ್ನಾನ ಮಾಡುವಾಗ ಅವನೊಡನೆ ಮಾತಾಡುತ್ತಿದ್ದೆ. ಗಾಲಿ ಎತ್ತಿದರೆ ಕಾರು ಮಗುಚುತ್ತದೆಯೋ ಇಲ್ಲವೋ ಎಂದು ನಾವಿಬ್ಬರೂ ವಾದ ಮಾಡುತ್ತಿದ್ದೆವು. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ ನನಗೆ ಆ ಕೆಲವು ವಾರ ಒಬ್ಬನೇ ಇದ್ದೇನೆ ಅನ್ನಿಸಲೇ ಇಲ್ಲ.

ಮೂರನೆಯ ರೇಸಿನ ಸೋಮವಾರ ಅರ್ಧ ದಿನ ರಜೆ ಹಾಕಿ ವಾಚನಾಲಯದಲ್ಲಿ ಕಾದು ಕುಳಿತೆ. ಪತ್ರಿಕೆ ಬಂದೊಡನೆ ಎತ್ತಿಕೊಂಡವರು ನಿವೃತ್ತ ಮಾಸ್ತರರೊಬ್ಬರು. ಕನ್ನಡಕದ ಪೆಟ್ಟಿಗೆಯಿಂದ ಬ್ಲೇಡು ತೆಗೆದು ಆ ಮೂಲೆಯನ್ನು ನಾಜೂಕಾಗಿ ಕೊಯ್ದರು. ಹತ್ತಿರ ಹೋಗಿ ಕೇಳಿಯೇಬಿಟ್ಟೆ:

"ಸರ್ರ, ಯಾವ ಕಾರ ಗೆದ್ದೈತ್ರಿ?"

"ಕಾರ? ಎಲ್ಲೀ ಕಾರೋ ತಮ್ಮಾ?"

ತುಣುಕನ್ನು ಹೊರಳಿಸಿ ತೋರಿಸಿದರು. ರೇಸಿನ ಸುದ್ದಿಯ ಬೆನ್ನಿಗೆ ವಧೂವರರ ಜಾಹೀರಾತುಗಳು.

"ಮಗಳಿಗೆ ವರಾ ನೋಡಾಕತ್ತೀನಿ. ಆ ಕಡಿ ಏನೈತಿ ನಾ ನೋಡೇ ಇಲ್ಲ."

ವಾರವಾರವೂ ಕೊಯ್ಯುತ್ತಿದ್ದರಂತೆ. ರೇಸಿಲ್ಲದ ವಾರ ನಾನೇ ಆ ಪುಟ ತೆರೆದಿರಲಿಲ್ಲ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿಂದು ಮದಿವಿ ಆಗೇತೇನು?"

"ಇಲ್ಲರಿ."

"ಯಾವ ಪೈಕಿ?"

ಜಾತಿ ಹೇಳಿದೆ.

"ಹಂಗಾರ ಬಿಡು," ಎಂದು ತುಣುಕನ್ನು ಜೇಬಿಗೆ ಸೇರಿಸಿ ಎದ್ದರು. ಕೇಳಿದ್ದರೆ ಓದಲು ಕೊಡುತ್ತಿದ್ದರು. ಕೇಳುವ ಮನಸ್ಸಾಗಲಿಲ್ಲ.

ಮುಂದಿನ ಚಳಿಗಾಲದೊಳಗೆ ಮಾಸ್ತರರ ಮಗಳ ಮದುವೆ ಶಿವಯೋಗ ಮಂದಿರದಲ್ಲಿ ನಡೆಯಿತೆಂದು ಕೇಳಿದೆ. ರೇಸು ಶುರುವಾದಾಗ ಪತ್ರಿಕೆ ಇಡಿಯಾಗಿ ಸಿಕ್ಕಿತು. ಯಾರು ಮೊದಲು ಬಂದರು, ಯಾರ ಕಾರು ಅರ್ಧಕ್ಕೇ ಕೆಟ್ಟು ನಿಂತಿತು, ಎಲ್ಲ ಇತ್ತು. ಓದಿ ಮುಗಿಸಿ ತಲೆ ಎತ್ತಿದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಆ ಮೂಲೆಯಲ್ಲಿ ತೂತಿದ್ದಾಗ ಊರಿನಲ್ಲಿ ನಾವು ಇಬ್ಬರಿದ್ದೆವು.