ಅವತ್ತು ಸ್ಟಾರ್ಟ್ ಆಗದ ಪಿಕಪ್

ಆ ಶುಕ್ರವಾರ ಬೆಳಿಗ್ಗೆ ದ್ಯಾವಮ್ಮ ಪಿಕಪ್ ತೊಳೆದದ್ದೇ ತಪ್ಪಾಯಿತು. ಹಾಗಂತ ಯಾರೂ ಅವಳಿಗೆ ಹೇಳಲಿಲ್ಲ. ಅವಳೇ ಹೇಳಿಕೊಂಡದ್ದು, ಅದೂ ಮನಸ್ಸಿನೊಳಗೆ, ಎಂಟು ತಿಂಗಳಿಂದ, ದಿನಕ್ಕೆ ಹತ್ತು ಸಲ.

ಕಳಸದ ಪೇಟೆಯಿಂದ ಮೂರು ಮೈಲಿ ಮೇಲಕ್ಕೆ, ಮಣ್ಣುರಸ್ತೆ ಮುಗಿಯುವಲ್ಲಿ ಅವಳ ಮನೆ. ನಾಲ್ಕೆಕರೆ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸು, ಒಂದು ಶೆಡ್ಡು, ಶೆಡ್ಡಿನೊಳಗೆ ಹದಿನೇಳು ವರ್ಷದ ಬಿಳಿ ಪಿಕಪ್. ಮಕ್ಕಳಾಗಲಿಲ್ಲ. ಗಂಡ ಗುರುವಯ್ಯ ಇದ್ದಾಗಲೂ ಆ ಮನೆಯಲ್ಲಿ ಸದ್ದು ಕಡಿಮೆಯೇ. ಆ ಮನುಷ್ಯನ ಬಾಯಿಂದ ಒಂದು ಮಾತು ಹೊರಡಿಸುವುದೆಂದರೆ ಅಬ್ಬಬ್ಬಾ! ಊಟಕ್ಕೆ ಕರೆದರೆ ‘ಹ್ಞೂಂ’, ಬಡಿಸಿದರೆ ‘ಸಾಕು’. ತವರು ಅತ್ತಿಗುಂಡಿಯಲ್ಲಿ ಹನ್ನೆರಡು ಜನರ ಗದ್ದಲದ ನಡುವೆ ಬೆಳೆದ ದ್ಯಾವಮ್ಮ ಮದುವೆಯಾಗಿ ಬಂದ ಮೊದಲ ವರ್ಷವೆಲ್ಲ ಕೋಳಿಗಳ ಜೊತೆ ಮಾತಾಡಿಕೊಂಡು ಕಳೆದಿದ್ದಾಳೆ. ಸುಳ್ಳಲ್ಲ, ಬೇಕಾದರೆ ಅವಳನ್ನೇ ಕೇಳಿ.

ಪಿಕಪ್ ಬಂದ ಮೇಲೆ ಜೀವ ಸ್ವಲ್ಪ ಹಗುರವಾಯಿತು. ಪಾರ್ಚ್‌ಮೆಂಟ್ ಕಾಫಿಯ ಮೂಟೆ ಹೇರಿಕೊಂಡು ಗುರುವಯ್ಯ ಪೇಟೆಗೆ ಹೊರಟರೆ ಅವಳೂ ಎಡಗಡೆ ಸೀಟು ಹತ್ತುತ್ತಿದ್ದಳು. ದಾರಿಯುದ್ದಕ್ಕೂ ಅವಳು ಮಾತಾಡುತ್ತಿದ್ದಳು, ಅವನು ಗೇರ್ ಬದಲಾಯಿಸುತ್ತಿದ್ದ. ಅಷ್ಟೇ ಅವರ ಸಂಸಾರದ ಸುಖ, ಅಷ್ಟಕ್ಕೇ ಅವಳು ತೃಪ್ತಳು.

ಇನ್ನೊಂದು ಸಂಗತಿಯೂ ಇತ್ತು. ಗುರುವಯ್ಯ ದೇವಸ್ಥಾನದ ಮೆಟ್ಟಿಲು ಹತ್ತಿದವನಲ್ಲ. ಹಬ್ಬದ ದಿನವೂ ಹೊರಗೆ ಚಪ್ಪಲಿ ಕಾಯುತ್ತಾ ನಿಲ್ಲುತ್ತಿದ್ದ. ಆದರೆ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ, ಒಂದು ಮರದ ಪಟ್ಟಿಯಲ್ಲಿ ದ್ಯಾವಮ್ಮ ಕೂರಿಸಿದ್ದ ಕಳಸೇಶ್ವರನ ಫೋಟೊ ಇತ್ತಲ್ಲ, ಅದಕ್ಕೆ ಮಾತ್ರ ಒಂದು ದಿನವೂ ನಮಸ್ಕಾರ ತಪ್ಪಿಸಿದ್ದಿಲ್ಲ. ಕೀ ತಿರುಗಿಸುವ ಮುಂಚೆ ಅವನ ಬಲಗೈ ಪಟ್ಟಿಯ ಅಡಿಗೆ ಹೋಗಿ, ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಿತ್ತು. ಇಳಿಯುವಾಗಲೂ ಹಾಗೇ. ನೆಂಟರಿಷ್ಟರ ಮುಂದೆಲ್ಲ ಅವಳು ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು: “ನಮ್ಮನೆಯವ್ರು ಗುಡಿಗೆ ಬರ್ದೇ ಇದ್ರೇನಂತೆ, ಕೈಮುಗೀದೆ ಗಾಡಿ ಹತ್ತೋರಲ್ಲ.”

ಫೆಬ್ರವರಿಯ ಆ ಶುಕ್ರವಾರ ಪೂಜೆ ಮಾಡೋಣವೆಂದು ಗಾಡಿ ತೊಳೆದಳು. ತೊಳೆದವಳು ಸುಮ್ಮನಿರಬೇಕೋ ಬೇಡವೋ? ಬಾನೆಟ್ ಎತ್ತಿ ಇಂಜಿನ್ನಿಗೂ ಪೈಪು ಹಿಡಿದಳು. ಹಾಗೆ ಮಾಡಬೇಡ ಎಂದು ಗುರುವಯ್ಯ ಹಿಂದೆ ಒಂದು ಸಲ ಹೇಳಿದ್ದ. ಅವನು ಒಂದು ಸಲ ಹೇಳಿದರೆ ಬೇರೆಯವರು ನೂರು ಸಲ ಹೇಳಿದ ಹಾಗೆ. ಆದರೂ ಧೂಳು ಕಂಡು ಅವಳ ಕೈ ತಡೆಯಲಿಲ್ಲ.

ಹತ್ತು ಗಂಟೆಗೆ ಮೆಣಸು ಕೊಯ್ಯುವ ಏಣಿಯ ಬುಡದಲ್ಲಿ ಗುರುವಯ್ಯ ಎದೆ ಹಿಡಿದುಕೊಂಡು ಕುಸಿದ. ಆಳುಗಳು ಅವನನ್ನು ಎತ್ತಿ ತಂದು ಪಿಕಪ್ಪಿನಲ್ಲಿ ಮಲಗಿಸಿದರು. ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಓಡಿಬಂದು ಕೀ ತಿರುಗಿಸಿದ. ಕೆಂಪು ದೀಪವೇನೋ ಹತ್ತಿತು, ಇಂಜಿನ್ ತಿರುಗಿಸುವ ಸೆಲ್ಫ್ ಮಾತ್ರ ‘ಟಕ್’ ಅನ್ನಲಿಲ್ಲ. ಇಳಿಜಾರಿಗೆ ತಳ್ಳಿ ನೋಡಿದರು. ಗಾಡಿ ಉರುಳಿತೇ ಹೊರತು ಇಂಜಿನ್ ಹಿಡಿಯಲಿಲ್ಲ. ಪೇಟೆಯಿಂದ ಜೀಪು ಬರುವಷ್ಟರಲ್ಲಿ ಮುಕ್ಕಾಲು ಗಂಟೆ. “ಸ್ವಲ್ಪ ಮುಂಚೆ ಕರ್ಕೊಂಡು ಬಂದಿದ್ರೆ ನೋಡಬಹುದಿತ್ತು” ಎಂದರು ಡಾಕ್ಟರು. ಅವರು ಹೇಳಿ ಮರೆತಿರಬಹುದು. ಇವಳಿಗೆ ಮರೆಯಲು ಆಗಬೇಕಲ್ಲ?

ನೀರು ಹಾಕಿದ್ದು ನಾನು. ಆ ನೀರಿಗೇ ಗಾಡಿ ಕೆಟ್ಟಿತು. ಗಾಡಿ ಕೆಟ್ಟದ್ದಕ್ಕೇ ಅವರು ಹೋದರು. ಈ ಲೆಕ್ಕವನ್ನು ಅವಳು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಲು ಯಾರಿದ್ದರು? ಕೋಳಿಗಳೂ ಇರಲಿಲ್ಲ, ಮಳೆಗಾಲದಲ್ಲಿ ಕಾಡುಬೆಕ್ಕು ಹಿಡಿದಿತ್ತು.

ಅಕ್ಟೋಬರ್ ಬಂದಾಗ ಗುಜರಿಯ ರೇವಣ್ಣನಿಗೆ ತಾನೇ ಫೋನು ಮಾಡಿದಳು. ಓಡಿಸುವವರಿಲ್ಲದ ಗಾಡಿಯನ್ನು ಇಟ್ಟುಕೊಂಡು ದಿನಾ ನೋಡುವುದು ಅವಳಿಂದ ಆಗುತ್ತಿರಲಿಲ್ಲ. ಶನಿವಾರ ಚೈನ್ ತಂದು ಎಳೆದುಕೊಂಡು ಹೋಗುತ್ತೇನೆ ಎಂದ. ಆದರೆ ಎಳೆಸಿ ಕಳಿಸುವ ಮುಂಚೆ ಅವಳಿಗೊಂದು ಗೊತ್ತಾಗಬೇಕಿತ್ತು. ಅವತ್ತು ಅದು ಯಾಕೆ ಹೊರಡಲಿಲ್ಲ? ಬುಧವಾರ ಪೇಟೆಯಿಂದ ಮೆಕ್ಯಾನಿಕ್ ಚನ್ನಬಸವನನ್ನು ಕರೆಸಿದಳು.

“ಗುಜರಿಗೆ ಹೋಗೋ ಗಾಡಿಗೆ ರಿಪೇರಿ ಯಾಕಕ್ಕ?” ಎಂದ ಚನ್ನಬಸವ.

“ನೀನು ನೋಡು ಮಾರಾಯ. ಏನಾಗಿದೆ ಅಂತ ಹೇಳು, ಸಾಕು.”

ಅವನು ಕೆಲಸಗಾರನೇ, ಅದರಲ್ಲಿ ಎರಡು ಮಾತಿಲ್ಲ. ಚಾರ್ಜ್ ಮಾಡಿದ ಬ್ಯಾಟರಿ ಕೂರಿಸಿದ. ಟರ್ಮಿನಲ್ಲಿನ ಬಿಳಿ ಪುಡಿಯನ್ನು ಬಿಸಿನೀರು ಹಾಕಿ ಉಜ್ಜಿದ. ಅರ್ತ್ ವೈರ್ ಬಿಚ್ಚಿ ಕೆರೆದು ಮತ್ತೆ ಬಿಗಿದ. ಕೀ ತಿರುಗಿಸಿದರೆ ಅದೇ ಕೆಂಪು ದೀಪ, ಅದೇ ಮೌನ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸೆಲ್ಫಿಗೆ ನೇರ ಕರೆಂಟು ಕೊಟ್ಟಾಗ ಇಂಜಿನ್ ಗಿರಗಿರ ತಿರುಗಿತು, ಆದರೆ ಹಿಡಿಯಲಿಲ್ಲ. ಡೀಸೆಲ್ ಬಿಡುವ ವಾಲ್ವಿಗೂ ಕರೆಂಟು ಬರುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ತಲೆ ತೂರಿಸಿ ಒಂದು ಗಂಟೆ ವೈರು ಹುಡುಕಿದ. ದೇವರ ಪಟ್ಟಿಯ ಹತ್ತಿರಕ್ಕೆ ಮಾತ್ರ ಹೋಗಲಿಲ್ಲ. ಕೈಯೆಲ್ಲ ಗ್ರೀಸು, ಆ ಕೈಯಲ್ಲಿ ದೇವರನ್ನು ಮುಟ್ಟುವುದು ಹೇಗೆ?

“ಒಳಗೆಲ್ಲೋ ವೈರಿಂಗ್ ಹೋಗಿದೆ ಅಕ್ಕ. ಪೂರಾ ಬಿಚ್ಚಿ ಹೊಸದು ಹಾಕ್ಬೇಕು. ಅದೆಲ್ಲ ಇದಕ್ಕೆ ಬೇಡ ಬಿಡಿ.”

ದ್ಯಾವಮ್ಮ ಸೆರಗಿನ ತುದಿ ಹಿಂಡುತ್ತಾ ಕೇಳಿದಳು: “ನೀರು ಬಿದ್ರೆ ಹಿಂಗಾಗುತ್ತಾ?”

“ಆಗ್ಬಹುದು. ನೀರು ಹೋದ್ರೆ ಏನು ಬೇಕಾದ್ರೂ ಆಗುತ್ತೆ” ಎಂದು ಅವನು ಕೈ ಒರೆಸಿಕೊಂಡ. ಬ್ಯಾಟರಿ ಶನಿವಾರ ಬಿಚ್ಚಿಕೊಂಡರಾಯಿತೆಂದು, ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು, ಚಕ್ರಕ್ಕೊಂದು ಕಲ್ಲು ಕೊಟ್ಟು ಹೊರಟುಹೋದ. ಪಾಪ, ಅವನಿಗೇನು ಗೊತ್ತು? ಆ ದಿನ ದ್ಯಾವಮ್ಮ ಒಲೆ ಹಚ್ಚಲಿಲ್ಲ.

ಶುಕ್ರವಾರ ಮಧ್ಯಾಹ್ನ ಸ್ನಾನ ಮಾಡಿ ಶೆಡ್ಡಿಗೆ ಹೋದಳು. ಏನೇ ಆದರೂ ದೇವರನ್ನು ಗುಜರಿಗೆ ಕಳಿಸಲಾಗುತ್ತದೆಯೇ? ಫೋಟೊ ಬಿಚ್ಚಿಕೊಳ್ಳಬೇಕಿತ್ತು. ಪಟ್ಟಿಯ ಸ್ಕ್ರೂ ಇದ್ದದ್ದು ಬಲಗಡೆ, ಹಾಗಾಗಿ ಜನ್ಮದಲ್ಲಿ ಮೊದಲ ಸಲ ಡ್ರೈವರ್ ಸೀಟು ಹತ್ತಿ ಕೂತಳು. ಸೀಟು ಗುರುವಯ್ಯನ ಮೈಗೆ ತಕ್ಕ ಹಾಗೆ ಗುಂಡಿಬಿದ್ದಿತ್ತು. ಬಿಚ್ಚುವ ಮುಂಚೆ ಒಂದು ನಮಸ್ಕಾರ ಮಾಡೋಣ ಎನಿಸಿತು. ಎರಡು ಕೈ ಜೋಡಿಸಲು ಹೋದವಳು ತಡೆದು, ಅವನು ಮಾಡುತ್ತಿದ್ದ ಹಾಗೆಯೇ ಬಲಗೈಯನ್ನು ಪಟ್ಟಿಯ ಅಡಿಗೆ ಒಯ್ದಳು.

ಬೆರಳಿಗೆ ಏನೋ ಸಿಕ್ಕಿತು. ಹಲಸಿನ ಬೀಜಕ್ಕಿಂತ ಚಿಕ್ಕದೊಂದು ಗುಬುಟು. ಒತ್ತಿದರೆ ‘ಟಕ್’ ಎಂದಿತು.

ಚನ್ನಬಸವ ಅಲ್ಲೇ ಬಿಟ್ಟುಹೋಗಿದ್ದ ಕೀ ತಿರುಗಿಸಿದಳು. ಸೆಲ್ಫ್ ಒಂದು ಸಲ ನರಳಿತು, ಇನ್ನೊಂದು ಸಲ ನರಳಿತು, ಆಮೇಲೆ ಇಂಜಿನ್ ಹಿಡಿಯಿತು. ಕಪ್ಪು ಹೊಗೆ ಶೆಡ್ಡು ತುಂಬಿತು. ಮಾಡಿನ ತಗಡೆಲ್ಲ ನಡುಗುತ್ತಿತ್ತು.

“ಅಯ್ಯೋ ನನ್ ದೇವ್ರೇ” ಎಂದಳು. ಯಾವ ದೇವರಿಗೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ.

ನಿಧಾನಕ್ಕೆ ಒಂದೊಂದೇ ನೆನಪಾಯಿತು. ಪಿಕಪ್ ಕೊಂಡ ಮಾರನೇ ವರ್ಷ ಪೇಟೆಯಲ್ಲಿ ಯಾರದೋ ಜೀಪು ಕಳುವಾಗಿತ್ತು. ಅದೇ ವಾರ ಗುರುವಯ್ಯ ಸರ್ವಿಸ್ ಎಂದು ಚಿಕ್ಕಮಗಳೂರಿಗೆ ಹೋಗಿ ಬಂದಿದ್ದ. ಕಳ್ಳರಿಗೆ ಸಿಗದ ಹಾಗೆ, ಒತ್ತದಿದ್ದರೆ ಗಾಡಿಯೇ ಹೊರಡದ ಸ್ವಿಚ್ ಹಾಕಿಸಿದವನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಮರುದಿನ ಅವನ ಕೈ ಮೊದಲ ಸಲ ಫೋಟೊದ ಅಡಿಗೆ ಹೋದಾಗ ಅವಳು ಎಷ್ಟು ಹಿಗ್ಗಿದ್ದಳು! “ಅಂತೂ ನಮಸ್ಕಾರ ಮಾಡೋ ಬುದ್ಧಿ ಬಂತಲ್ಲ ನಿಮಗೆ” ಎಂದಿದ್ದಳು. ಅವನು ಅವಳನ್ನೇ ಒಂದು ಗಳಿಗೆ ನೋಡಿದ್ದ. ಆಮೇಲೆ ಆ ಬೆರಳನ್ನು ತಂದು ಕಣ್ಣಿಗೆ ಒತ್ತಿಕೊಂಡಿದ್ದ. ಅವಳು ಹೇಳುವ ತನಕ ಒತ್ತಿಕೊಂಡಿರಲಿಲ್ಲ.

ಸ್ವಿಚ್ ಹಾಕಲು ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುವುದು ಬೇಕಿರಲಿಲ್ಲ. ಅವಳು ಹಿಗ್ಗಿದಳೆಂದು ಹದಿನಾರು ವರ್ಷ ಒಂದು ದಿನ ಬಿಡದೆ ಮಾಡಿದ್ದ, ಪುಣ್ಯಾತ್ಮ.

“ಎಂಥಾ ಕಳ್ಳರು ನೀವು!” ದ್ಯಾವಮ್ಮ ಸ್ಟೇರಿಂಗಿಗೆ ಬಡಿದಳು. “ಒಂದ್ ಮಾತು ಹೇಳೋಕೆ ಏನಾಗಿತ್ತು? ಅಲ್ಲೊಂದು ಸ್ವಿಚ್ ಇದೆ ಕಣೇ ಅಂತ ಒಂದೇ ಒಂದ್ ಮಾತು! ಅವತ್ತು ಕೀ ನನ್ ಕೈಯಲ್ಲೇ ಇತ್ತಲ್ರೀ...”

ಅಳು ಒತ್ತರಿಸಿ ಬಂತು. ಸಿಟ್ಟಿಗೂ ಅತ್ತಳು, ಪ್ರೀತಿಗೂ ಅತ್ತಳು. ತನ್ನ ನೀರಿನಿಂದಲ್ಲ ಎಂಬ ಸಮಾಧಾನಕ್ಕೂ, ಆ ಸಮಾಧಾನ ಪಟ್ಟ ನಾಚಿಕೆಗೂ ಅತ್ತಳು. ಆಮೇಲೆ ಇಳಿದು, ಸುತ್ತಿ ಬಂದು, ತನ್ನ ಎಡಗಡೆ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದಳು. ಡೀಸೆಲ್ ತೀರಿ ಇಂಜಿನ್ ತಾನಾಗಿ ನಿಲ್ಲುವವರೆಗೂ ಹಾಗೇ ಕೂತಿದ್ದಳು. ಇಷ್ಟು ವರ್ಷದಲ್ಲಿ ಆ ಸೀಟಿನಲ್ಲಿ ಅವಳು ಮಾತಾಡದೆ ಕೂತದ್ದು ಅದೊಂದೇ ದಿನ.

ಶನಿವಾರ ರೇವಣ್ಣ ಚೈನ್ ಹಿಡಿದು ಬಂದ. ಎತ್ತಿಕಟ್ಟಲು ಜೊತೆಗೆ ಚನ್ನಬಸವನನ್ನೂ ಕರೆತಂದಿದ್ದ. ದ್ಯಾವಮ್ಮ ಫೋಟೊವನ್ನು ಪಟ್ಟಿಯ ಸಮೇತ ಬಿಚ್ಚಿ ಎದೆಗೆ ಒತ್ತಿಕೊಂಡು ನಿಂತಿದ್ದಳು. ಆನ್ ಆಗಿಯೇ ಇದ್ದ ಸ್ವಿಚ್ಚನ್ನು ವೈರಿನ ಸಮೇತ ಡ್ಯಾಶ್‌ಬೋರ್ಡಿನ ಸಂದಿಗೆ, ಕಣ್ಣಿಗೆ ಬೀಳದ ಹಾಗೆ ತೂರಿಸಿದ್ದಳು.

“ಚೈನ್ ಬೇಡ. ಡೀಸೆಲ್ ಹಾಕಿ, ಓಡುತ್ತೆ” ಎಂದಳು.

ಚನ್ನಬಸವ ನಗುತ್ತಲೇ ಕ್ಯಾನು ಸುರಿದು, ಪಂಪು ಒತ್ತಿ ಡೀಸೆಲ್ ಪೈಪಿನ ಗಾಳಿ ತೆಗೆದು, ಕೀ ತಿರುಗಿಸಿದ. ಗಾಡಿ ಗುಡುಗಿತು. ಅವನ ನಗು ಅಲ್ಲೇ ನಿಂತಿತು. ತಲೆ ಹೊರಗೆ ಹಾಕಿ ಕೂಗಿದ: “ಏನಕ್ಕ ಇದು! ಏನಾಗಿತ್ತು ಮತ್ತೆ?”

ಹೇಳಿದರೆ ಸಂಜೆಯೊಳಗೆ ಪೇಟೆಯೆಲ್ಲ ಗೊತ್ತಾಗುತ್ತದೆ. ಗುರುವಯ್ಯ ತನ್ನ ಸಾವನ್ನು ತಾನೇ ಬಚ್ಚಿಟ್ಟುಕೊಂಡಿದ್ದ ಎಂದು ಜನ ಆಡಿಕೊಳ್ಳುತ್ತಾರೆ. ದ್ಯಾವಮ್ಮ ಹತ್ತಿರ ಹೋಗಿ ಬಾಗಿಲಿನ ಮೇಲೆ ಕೈಯಿಟ್ಟಳು.

“ನೀರಲ್ಲ” ಎಂದಳು.

“ಹ್ಞಾಂ?”

“ನೀರಲ್ಲ ಚನ್ನಬಸವ. ನೀರಿಂದ ಏನೂ ಆಗಿರ್ಲಿಲ್ಲ.”

ಅವನು ಏನೂ ಅರ್ಥವಾಗದೆ ರೇವಣ್ಣನ ಮುಖ ನೋಡಿದ, ತಲೆ ಕೆರೆದುಕೊಂಡ, ಗೇರ್ ಹಾಕಿದ. ಪಿಕಪ್ ತನ್ನ ಕಾಲ ಮೇಲೆ ತಾನೇ ಇಳಿಜಾರು ಇಳಿದು ಹೋಯಿತು.