ಸೀಡಿ ಅಂಗಡಿ ಮಾವನ ಹೊಸ ಡಿಸ್ಕು

ಕಳೆದ ತಿಂಗಳು ರಾಮನಗರದ ಕನ್ನಡಕದಂಗಡಿಯಲ್ಲಿ ಕೆಲಸದಾಕೆ ನನ್ನ ಕನ್ನಡಕದ ಗಾಜುಗಳಿಗೆ ಏನನ್ನೋ ಚಿಮುಕಿಸಿ ಒರೆಸಿದಳು. ಸ್ಪಿರಿಟ್ಟಿನ ಆ ಘಾಟು ಮೂಗಿಗೆ ತಾಗಿದ್ದೇ ತಡ, ಬಿಡದಿಯ ನಮ್ಮ ಬೀದಿಯ ಸೀಡಿ ಅಂಗಡಿ ಕಣ್ಣ ಮುಂದೆ ಬಂತು. ಅಂಗಡಿಯ ಮಾವ, ಬಾಡಿಗೆಗೆ ಹೋಗಿ ಬಂದ ಪ್ರತಿ ಡಿಸ್ಕನ್ನೂ ಹೀಗೇ ಸ್ಪಿರಿಟ್ ಹಚ್ಚಿ, ಹಳೇ ಬನಿಯನ್ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸುತ್ತಿದ್ದರು. ದುಂಡಗೆ ಒರೆಸಿದರೆ ಗೀರು ಉಳಿಯುತ್ತದೆ ಎಂದು ನನಗೂ ಹೇಳಿಕೊಟ್ಟಿದ್ದರು...

ಅವರು ನಮಗೆ ನೆಂಟರೇನಲ್ಲ. ಬೀದಿಯವರೆಲ್ಲ ಮಾವ ಅನ್ನುತ್ತಿದ್ದರು, ಅವರ ಹೆಂಡತಿಯನ್ನು ಅತ್ತೆ ಅನ್ನುತ್ತಿದ್ದರು. ನಾನಾಗ ಡಿಪ್ಲೊಮಾ ಮುಗಿಸಿ, ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆ ಕೆಲಸಕ್ಕೆ ಸೇರಿದ್ದೆ. ಕಂಪನಿ ಬಸ್ಸು ಹತ್ತಿದ ನಮ್ಮ ಬೀದಿಯ ಮೊದಲ ಹುಡುಗಿ. ಯಾವ ಯಂತ್ರದ ವಿಷಯವಾದರೂ ಮಾವನಿಗೆ ನನ್ನ ಮಾತೇ ಕೊನೆಯ ಮಾತು. ಆ ಗೌರವ ನನಗೆ ಬಹಳ ಹಿಡಿಸಿತ್ತು.

ಡಿವಿಡಿಗಿಂತ ಸ್ಪಷ್ಟವಾಗಿ ಕಾಣುವ ಹೊಸ ಡಿಸ್ಕುಗಳು ಬಂದ ಕಾಲ ಅದು. ಬಂದದ್ದು ಒಂದಲ್ಲ, ಎರಡು ಬಗೆ: ಬ್ಲೂ-ರೇ ಒಂದು, ಎಚ್‌ಡಿ ಡಿವಿಡಿ ಇನ್ನೊಂದು. ಒಂದರ ಪ್ಲೇಯರ್‌ನಲ್ಲಿ ಇನ್ನೊಂದು ಓಡುತ್ತಿರಲಿಲ್ಲ. ಯಾವುದನ್ನು ತರಲಿ ಎಂದು ಮಾವ ನನ್ನನ್ನೇ ಕೇಳಿದರು. ಎರಡು ದಿನ ಊಟದ ಬಿಡುವಿನಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಓದಿದ್ದಷ್ಟೇ ನನ್ನ ತಿಳಿವಳಿಕೆ. ಆದರೂ ತಡವರಿಸದೆ ಹೇಳಿಬಿಟ್ಟೆ: "ಕಮ್ಮಿ ಬೆಲೇದೇ ನಿಲ್ಲೋದು ಮಾವ. ಎಚ್‌ಡಿ ಡಿವಿಡೀನೇ ತಗೊಳ್ಳಿ."

ಮನೆಯ ಹೆಂಚು ಬದಲಿಸಲು ಇಟ್ಟಿದ್ದ ಹಣದಲ್ಲಿ ಮಾವ ಬೆಂಗಳೂರಿನಿಂದ ಒಂದು ಪ್ಲೇಯರನ್ನೂ ಒಂದು ಪೆಟ್ಟಿಗೆ ಡಿಸ್ಕುಗಳನ್ನೂ ತಂದರು. ಸುತ್ತಲ ಹಳ್ಳಿಗಳಲ್ಲಿ ಕಾರ್ಖಾನೆಗಳಿಗೆ ಜಮೀನು ಕೊಟ್ಟ ಮನೆಗಳವರು ಗೋಡೆಯಗಲದ ಟೀವಿ ತಂದಿದ್ದರು. ಅವರೇ ಗಿರಾಕಿಗಳಾಗುತ್ತಾರೆ ಎಂಬುದು ಮಾವನ ಲೆಕ್ಕ. ಒಂದು ಭಾನುವಾರ ಬೆಳಿಗ್ಗೆ ಅವರನ್ನೆಲ್ಲ ಕರೆದು, ಅಂಗಡಿಯ ಮುಂದೆ ಕುರ್ಚಿ ಹಾಕಿಸಿ, ದೊಡ್ಡ ಟೀವಿಯೊಂದನ್ನು ಎರವಲು ತಂದು ಹಚ್ಚಿ ತೋರಿಸಿದರು. ಕಡಲಿನ ಚಿತ್ರ. ನೀರಿನ ಒಂದೊಂದು ಹನಿಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಕೂತವರೆಲ್ಲ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅತ್ತೆ ಎಲ್ಲರಿಗೂ ಟೀ ಕೊಟ್ಟರು.

ಟೀ ಮುಗಿದ ಮೇಲೆ ಪ್ರಶ್ನೆಗಳು ಶುರುವಾದವು. ನಮ್ಮ ಸಿನಿಮಾ ಇದರಲ್ಲಿ ಒಂದೂ ಇಲ್ಲವಲ್ಲ ಎಂದರು ಒಬ್ಬರು. ಕ್ಯಾಸೆಟ್ಟು ಹೋಯಿತು, ವೀಸೀಡಿ ಹೋಯಿತು, ಮನೆಯ ಡಿವಿಡಿಗೆ ಇನ್ನೂ ಮೂರು ವರ್ಷ ಆಗಿಲ್ಲ ಎಂದರು ಇನ್ನೊಬ್ಬರು. ಪಕ್ಕದ ಹಳ್ಳಿಯ ಹಿರಿಯ ಗೌಡರೊಬ್ಬರು ಮಾತ್ರ ನಿಧಾನವಾಗಿ ಕೇಳಿದರು.

"ಚೆನ್ನಾಗೇನೋ ಐತೆ ಕಣಪ್ಪ. ಎರಡ್ರಲ್ಲಿ ಯಾವ್ದು ಉಳ್ಕತದೆ ಅಂತ ಹೆಂಗೆ ಗೊತ್ತಾಗದು?"

ಮಾವ ನನ್ನ ಕಡೆ ತಿರುಗಿದರು. "ಕಂಪ್ನೀಲಿರೋಳು ಇವಳು. ಹೇಳವ್ವ, ನೀನೇ ಹೇಳು."

ನಾನು ಬಾಯಿ ತೆರೆಯುವ ಮೊದಲೇ ಗೌಡರು ಕೇಳಿದರು: "ನೀನು ತಗಂಡಿದ್ದೀಯೇನವ್ವ?"

ತಗೊಂಡಿರಲಿಲ್ಲ. ನನ್ನ ಸಂಬಳದಲ್ಲಿ ತಂದ ದೊಡ್ಡ ಟೀವಿ ಮನೆಯಲ್ಲಿತ್ತು, ಅದರ ಕೆಳಗೆ ಹಳೇ ಡಿವಿಡಿ ಪ್ಲೇಯರೇ ಇತ್ತು. "ಇಲ್ಲ... ಒಸಿ ದಿನ ನೋಡಾನ ಅಂತ," ಎಂದೆ.

ಎಲ್ಲರೂ ನಕ್ಕರು. ಕುಹಕದ ನಗುವಲ್ಲ, ಅವರ ಮನಸ್ಸಿನ ಮಾತನ್ನೇ ನಾನು ಆಡಿದ್ದೆ, ಅಷ್ಟೇ. ಹಾಗಾದರೆ ನಾವೂ ನೋಡೋಣ ಎಂದು ಒಬ್ಬೊಬ್ಬರಾಗಿ ಎದ್ದು ಹೋದರು. ಮಾವ ನನ್ನ ಮುಖ ನೋಡಲಿಲ್ಲ. ಬಗ್ಗಿ, ಕುರ್ಚಿಗಳ ಕೆಳಗಿದ್ದ ಲೋಟಗಳನ್ನು ಆರಿಸತೊಡಗಿದರು.

ಆ ಡಿಸ್ಕುಗಳನ್ನು ಯಾರೂ ಒಯ್ಯಲಿಲ್ಲ. ಕೆಲವೇ ತಿಂಗಳಲ್ಲಿ ಎಚ್‌ಡಿ ಡಿವಿಡಿ ಮಾಡುವುದನ್ನೇ ನಿಲ್ಲಿಸಿದರೆಂಬ ಸುದ್ದಿಯನ್ನು ಆಫೀಸಿನಲ್ಲಿ ಓದಿದೆ. ಹೋಗಿ ಹೇಳಬೇಕು ಅಂದುಕೊಂಡೆ. ಹೋಗಲಿಲ್ಲ. ಮಾರನೆಯ ದಿನದಿಂದ ಬಸ್ಸಿಗೆ ಹಿಂದಿನ ಬೀದಿಯಿಂದ ಸುತ್ತಿಕೊಂಡು ನಡೆದೆ. ಮರುವರ್ಷ ಅಂಗಡಿ ಮುಚ್ಚಿತು.

ಆಮೇಲೊಂದು ಬೆಳಿಗ್ಗೆ ನಮ್ಮ ಬಸ್ಸು ಬೇರೊಂದು ಕಾರ್ಖಾನೆಯ ಮುಂದೆ ನಿಂತಾಗ, ಗೇಟಿನಲ್ಲಿ ಕಾವಲಿನ ನೀಲಿ ಅಂಗಿ ತೊಟ್ಟು ಮಾವ ನಿಂತಿದ್ದರು. ಅಂಗಿ ಅವರಿಗೆ ದೊಡ್ಡದಾಗಿತ್ತು. ಕಿಟಕಿಯಲ್ಲಿ ನನ್ನನ್ನು ಕಂಡು ಕೈ ಎತ್ತಿದರು. ಮುಖದಲ್ಲಿ ನಿಜವಾದ ಸಂತೋಷವಿತ್ತು. ನಾನು ಮೊಬೈಲ್ ನೋಡುವವಳ ಹಾಗೆ ತಲೆ ಬಗ್ಗಿಸಿದೆ... ಮದುವೆಯಾಗಿ ಕನಕಪುರಕ್ಕೆ ಹೋದ ಮೇಲೆ ಆ ದಾರಿಯೂ ತಪ್ಪಿತು. ಮಾವ ತೀರಿಕೊಂಡ ಸುದ್ದಿ ತಿಳಿದಾಗ ತಿಥಿಯೂ ಮುಗಿದಿತ್ತು.

ಅತ್ತೆ ಈಗ ಮಾಗಡಿ ಕಡೆ, ಕಲ್ಯದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಮೊನ್ನೆ ಭಾನುವಾರ ಹುಡುಕಿಕೊಂಡು ಹೋದೆ. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಪ್ಪು ನನ್ನದು, ಗೊತ್ತಿಲ್ಲದ್ದನ್ನು ಗೊತ್ತಿರುವವಳ ಹಾಗೆ ಹೇಳಿದೆ, ಆಮೇಲೆ ಮುಖ ತಪ್ಪಿಸಿಕೊಂಡೆ ಎಂದು ಎಲ್ಲವನ್ನೂ ಹೇಳಿದೆ. ಅತ್ತೆ ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ಆ ಮಿಷಿನ್ ವಿಚಾರ ಅವರು ಆವತ್ತೇ ಬುಟ್ಬುಟ್ರು ಕಣವ್ವ," ಎಂದರು ಕೊನೆಗೆ. "ಆ ಹುಡ್ಗಿ ಯಾಕೆ ಈ ಕಡೆ ಬರೋದೇ ಬುಟ್ಟಳು, ನಾನೇನಾರ ಅಂದೆನಾ ಅಂತ ನನ್ನ ಕೇಳ್ತಾ ಇದ್ರು."

ನಾನು ಅವರ ಪಕ್ಕ ಕೂತು ಸುಲಿಯತೊಡಗಿದೆ. ಬುಟ್ಟಿ ಖಾಲಿಯಾಗುವ ತನಕ ಇಬ್ಬರೂ ಸುಲಿದೆವು.