ಹೂಂಗುಟ್ಟಿದ ಕುದುರೆ

ದೆವ್ವ, ಪವಾಡ, ಹಿಂದಿನ ಜನ್ಮ ಎಂದು ಯಾರಾದರೂ ಮಾತು ತೆಗೆದರೆ, ಕಾಫಿಗೆ ಹಾಲಿಡುವ ನೆಪದಲ್ಲಿ ಎದ್ದುಹೋಗುವವರ ಪೈಕಿ ನಾನು. ನನ್ನ ಕೆಲಸವೂ ಅಂಥದೇ. ಮಲೇಷ್ಯಾದ ಕ್ಲಾಂಗ್ ಬಂದರಿನ ಒಂದು ಸರಕು ಸಾಗಣೆ ಕಚೇರಿಯಲ್ಲಿದ್ದೇನೆ. ಅಲ್ಲಿ ಕಂಟೇನರ್ ಕಾಣುತ್ತಿಲ್ಲ ಎಂದರೆ ಅದು ಮಾಯವಾಗಿರುವುದಿಲ್ಲ, ಯಾರೋ ಬೇರೆ ಸಾಲಿನಲ್ಲಿ ಇಳಿಸಿರುತ್ತಾರೆ, ಅಷ್ಟೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಎಷ್ಟೋ ಜನರಿಗೆ ಹೇಳಿ ಬಾಯಿ ಮುಚ್ಚಿಸಿದ್ದೇನೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಆಗ ನನ್ನ ಮಗ ಸುಹಾಸನಿಗೆ ಎಂಟು ವರ್ಷ. ಹುಟ್ಟಿ ಬೆಳೆದದ್ದೆಲ್ಲ ಮಲೇಷ್ಯಾದಲ್ಲಿ. ಕನ್ನಡ ಅವನ ಕಿವಿಯವರೆಗೆ ಬರುತ್ತಿತ್ತು, ಬಾಯಿಗೆ ಇಳಿಯುತ್ತಿರಲಿಲ್ಲ. “ಊಟ ಆಯ್ತೇನೋ?” ಎಂದರೆ “ಆಲ್ರೆಡಿ ಮಕಾನ್ ಲಾ, ಅಮ್ಮ” ಎಂದು ಅರ್ಧ ಇಂಗ್ಲಿಷ್, ಅರ್ಧ ಮಲಯ್‌ನಲ್ಲಿ ತಿಂದಾಯಿತು ಎನ್ನುತ್ತಿದ್ದ. ಬ್ರಿಕ್‌ಫೀಲ್ಡ್ಸ್ ಎಂಬ ಕಡೆಯ ತಮಿಳರ ಅಂಗಡಿಯಲ್ಲಿ ತಮಿಳಿನಲ್ಲೇ ಕರಿಬೇವು ಕೇಳಿ ತರುವ ಹುಡುಗ ಮನೆಯಲ್ಲಿ ಒಂದು ಕನ್ನಡ ವಾಕ್ಯ ಜೋಡಿಸಲಾರ! ಬೈದೆ, ಐಸ್‌ಕ್ರೀಮಿನ ಆಸೆ ತೋರಿಸಿದೆ, ಒಂದು ವಾರ ಇಂಗ್ಲಿಷಿಗೆ ಉತ್ತರವನ್ನೇ ಕೊಡದೆ ಕೂತೆ. ನನ್ನ ಮಗ ನನ್ನ ಮಾತನ್ನು ಆಡದೆಯೇ ದೊಡ್ಡವನಾಗಿಬಿಡುತ್ತಾನೆ ಎಂಬ ಭಯ ನನಗೆ ನಿಜವಾಗಿಯೂ ಇತ್ತು.

ಕೊನೆಗೆ ಕಥೆಗೆ ಕೈಹಾಕಿದೆ. ನಾನೇ ಕಟ್ಟಿದ್ದು. ಕುದುರೆ ಸಾಕುವ ದೊಡ್ಡ ಹುಲ್ಲುಗಾವಲಿನಲ್ಲಿ ಚೆನ್ನ ಎಂಬ ಹುಡುಗ. ಬೆಟ್ಟದಿಂದ ಬಂದ ಕಾಡುಕುದುರೆಯೊಂದು, ಹೆಸರು ಗಾಳಿ. ಯಾರ ಹಗ್ಗಕ್ಕೂ ಅದು ಸಿಗುವುದಿಲ್ಲ. ನಮ್ಮ ಕಡೆ ಕಥೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ಈ ಕಟ್ಟಳೆಯಲ್ಲಿ ನಾನು ಬಲು ಕಟ್ಟುನಿಟ್ಟು. ಅವನು ನಿದ್ದೆ ಹೋಗಿ ಹೂಂ ನಿಂತ ಮಾತಿಗೇ ನಾನೂ ಬಾಯಿ ಮುಚ್ಚುತ್ತಿದ್ದೆ. ಮಾರನೆಯ ದಿನ ಅಲ್ಲಿಂದಲೇ ಮುಂದುವರಿಕೆ. ಹೀಗೆ ಸುಹಾಸನ ಬಾಯಲ್ಲಿ ಉಳಿದಿದ್ದ ಕನ್ನಡವೆಂದರೆ ಅದೊಂದು ಹೂಂ.

ಕಥೆಗೆ ಕೊನೆಯೇ ಸಿಕ್ಕಿರಲಿಲ್ಲ. ಅದು ಹೊಳೆದದ್ದು ಒಂದು ಶನಿವಾರ ಬೆಳಿಗ್ಗೆ, ಬಂದರಿನ ದಾರಿಯಲ್ಲಿ ಲಾರಿಗಳ ಹಿಂದೆ ಕಾರು ಸಿಕ್ಕಿಕೊಂಡಿದ್ದಾಗ. ಚೆನ್ನ ಹಗ್ಗವನ್ನು ಕುದುರೆಗೆ ಹಾಕುವುದಿಲ್ಲ, ತನ್ನ ಸೊಂಟಕ್ಕೇ ಕಟ್ಟಿಕೊಂಡು ಇನ್ನೊಂದು ತುದಿಯನ್ನು ಅದರ ಕಾಲ ಬಳಿ ಇಡುತ್ತಾನೆ. ಕಾರಿನಲ್ಲಿ ನಾನೊಬ್ಬಳೇ ಇದ್ದೆ. ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ, ಎಲ್ಲೂ ಬರೆಯಲಿಲ್ಲ. ರಾತ್ರಿ ಅವನಿಗೆ ಹೇಳಬೇಕೆಂದು ಮನಸ್ಸಿನಲ್ಲೇ ಇಟ್ಟುಕೊಂಡೆ. ದಯವಿಟ್ಟು ಇದನ್ನು ನೆನಪಿಡಿ.

ಅಂದು ಅರ್ಧ ದಿನ ಕೆಲಸ. ನಿಜವಾದ ಕುದುರೆ ನೋಡಬೇಕೆಂದು ಅವನು ಪ್ರಾಣ ತಿನ್ನುತ್ತಿದ್ದುದರಿಂದ, ಸಂಜೆ ಪುತ್ರಜಯಾ ನಗರದ ಆಚೆ, ತಾಳೆ ತೋಟಗಳ ನಡುವೆ ಇರುವ ಒಂದು ಕುದುರೆ ಫಾರಮ್ಮಿಗೆ ಕರೆದುಕೊಂಡು ಹೋದೆ. ಅದನ್ನು ನೋಡಿಕೊಳ್ಳುವ ಮಲಯ್ ಹೆಂಗಸನ್ನು ಎಲ್ಲರೂ ಕಾಕ್ ಸಿತಿ, ಅಂದರೆ ಸಿತಿ ಅಕ್ಕ, ಎನ್ನುತ್ತಿದ್ದರು. ಹೊಸದಾಗಿ ಬಂದ ಕಪ್ಪು ಹೆಣ್ಣುಕುದುರೆಯೊಂದನ್ನು ಬೇರೆ ಬೇಲಿಯೊಳಗೆ ಬಿಟ್ಟಿದ್ದರು. ಅದಿನ್ನೂ ಪಳಗಿಲ್ಲ, ಬೆಳಿಗ್ಗೆಯಷ್ಟೇ ಒದ್ದು ಬೇಲಿಯ ಹಲಗೆ ಮುರಿದಿದೆ, ಹತ್ತಿರ ಹೋಗಬೇಡಿ ಎಂದು ಅವರು ಎಚ್ಚರಿಸಿದ್ದರು.

ಮಸೀದಿಯಿಂದ ಮಗ್ರಿಬ್ ಆಜಾನ್, ಸೂರ್ಯಾಸ್ತದ ನಮಾಜಿನ ಕರೆ, ಕೇಳುತ್ತಿದ್ದ ಹೊತ್ತು. ಚಹಾ ತರಲು ಹೋಗಿ ತಿರುಗಿ ಬರುತ್ತೇನೆ, ಸುಹಾಸ ಬೇಲಿಯೊಳಗಿದ್ದಾನೆ! ಕುದುರೆ ಕಿವಿ ಹಿಂದಕ್ಕೆ ಮಲಗಿಸಿ ನೆಲ ಕೆರೆಯುತ್ತಿತ್ತು. ಕೂಗಲು ಬಾಯಿ ತೆರೆದೆ. ಕಾಕ್ ಸಿತಿ ಓಡಿಬಂದು ನನ್ನ ತೋಳು ಹಿಡಿದರು. ಕೂಗಿದರೆ ಕುದುರೆ ಬೆದರಿ ಹುಡುಗನ ಮೇಲೇ ಬೀಳುತ್ತದೆ ಎಂದು ಪಿಸುಗುಟ್ಟಿದರು. ಗುಡುಗು ಬೇರೆ ಹತ್ತಿರವಾಗುತ್ತಿತ್ತು.

ಸುಹಾಸ ಮಾತಾಡುತ್ತಿದ್ದ. ಅದು ಕನ್ನಡ ಎಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು.

“ಚೆನ್ನ ಬೆಟ್ಟ ಹತ್ತಿದ. ತುಂಬಾ ಚಳಿ ಇತ್ತು. ನೀನು ಹೂಂ ಅನ್ಬೇಕು. ಇಲ್ಲಾಂದ್ರೆ ನಾನ್ ಹೇಳಲ್ಲ.”

ಅವನು ಸುಮ್ಮನಾದ. ಕುದುರೆ ಮೂಗಿನಿಂದ ತಗ್ಗಿದ ದನಿಯೊಂದನ್ನು ಹೊರಡಿಸಿತು. ಅವನು ಮುಂದಿನ ಮಾತು ಹೇಳಿ ಮತ್ತೆ ಕಾದ. ಅದು ಮತ್ತೆ ಹೂಂಗುಟ್ಟಿತು. ನನ್ನ ಪಕ್ಕದಲ್ಲಿದ್ದ ಕಾಕ್ ಸಿತಿ ತಮ್ಮ ದೇವರ ಹೆಸರು ಹೇಳಿಕೊಂಡರು. ಎರಡು ಕನ್ನಡ ಪದ ಒಟ್ಟಿಗೆ ಆಡದಿದ್ದ ಹುಡುಗ ನನ್ನ ಕಥೆಯನ್ನು ಎಲ್ಲೂ ಎಡವದೆ ಹೇಳುತ್ತಾ ಹೋದ. ಆ ಭಯದಲ್ಲೂ ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ನಾನು ಹಿಂದಿನ ರಾತ್ರಿ ನಿಲ್ಲಿಸಿದ್ದ ಜಾಗ ಬಂತು. ಅವನು ನಿಲ್ಲಿಸಲಿಲ್ಲ.

“ಚೆನ್ನ ಹಗ್ಗ ತಗೊಂಡ. ಗಾಳಿಗೆ ಹಾಕ್ಲಿಲ್ಲ. ತನ್ ಸೊಂಟಕ್ಕೆ ಕಟ್ಕೊಂಡ. ಇನ್ನೊಂದ್ ತುದಿ ಗಾಳಿ ಕಾಲ್ ಹತ್ರ ಇಟ್ಟ. ‘ಈಗ ನೀನೇ ನನ್ನ ಹಿಡ್ಕೋ’ ಅಂದ.”

ಕುದುರೆ ನಡೆದು ಬಂತು. ತಲೆ ತಗ್ಗಿಸಿ ಹಣೆಯನ್ನು ಅವನ ಎದೆಗೆ ಒತ್ತಿ ನಿಂತಿತು. ಅವನು ಅದನ್ನೊಮ್ಮೆ ತಟ್ಟಿ, ಏನೂ ಆಗದವನಂತೆ ಬೇಲಿಯಿಂದ ನುಸುಳಿ ಹೊರಗೆ ಬಂದ. ಬೆನ್ನಿಗೊಂದು ಬಿಗಿದೆ, ಆಮೇಲೆ ಅಪ್ಪಿಕೊಂಡು ಅತ್ತೆ.

“ಆ ಕೊನೇದು ನಿಂಗ್ ಯಾರೋ ಹೇಳಿದ್ದು?” ಎಂದು ಕೇಳಿದೆ.

“ನೀನೇ ಹೇಳ್ದೆ ಲಾ, ಅಮ್ಮ.”

“ಯಾವಾಗ?”

“ಇವಾಗ್ಲೇ. ನಾನ್ ಒಳಗೆ ಇದ್ದಾಗ.”

ಅವನು ಬೇಲಿಯೊಳಗಿದ್ದಷ್ಟು ಹೊತ್ತೂ ನಾನು ತುಟಿ ಪಿಟಕ್ಕೆಂದಿರಲಿಲ್ಲ; ಬೇಕಾದರೆ ಕಾಕ್ ಸಿತಿಯನ್ನು ಕೇಳಿ. ನಿದ್ದೆಯಲ್ಲಿ ಕನವರಿಸಿರುತ್ತೀಯ ಎಂದರು ನಮ್ಮ ಯಜಮಾನರು. ಬೆಳಿಗ್ಗೆ ಹೊಳೆದದ್ದನ್ನು ಹಿಂದಿನ ರಾತ್ರಿ ಹೇಗೆ ಕನವರಿಸಲಿ? ತಾಯಿ ಮಗ ಒಂದೇ ರೀತಿ ಯೋಚಿಸುವುದುಂಟು ಎಂದರು ಗೆಳತಿಯೊಬ್ಬರು. ಇರಬಹುದು, ಆದರೆ ಹಗ್ಗ, ಸೊಂಟ, ತುದಿ ಎಲ್ಲವೂ ಅದೇ ಆಗಿರಬೇಕೆ? ಕುದುರೆ ತಾನಾಗಿಯೇ ಪಳಗಿತ್ತು ಎನ್ನೋಣವೆಂದರೆ, ಮಾರನೆಯ ದಿನದಿಂದ ಅದು ಮತ್ತೆ ಯಾರನ್ನೂ ಹತ್ತಿರ ಸೇರಿಸಲಿಲ್ಲ ಎಂದು ಕಾಕ್ ಸಿತಿ ಫೋನ್ ಮಾಡಿದ್ದರು. ಹೀಗೆ ನನ್ನ ವಾದಗಳೆಲ್ಲ ಒಂದೊಂದಾಗಿ ಮುಗಿದವು. ಕಳೆದುಹೋದ ಕಂಟೇನರುಗಳನ್ನು ಹುಡುಕಿ ಕೊಡುವ ನನಗೆ ಇದೊಂದರ ಜಾಡು ಇವತ್ತಿಗೂ ಸಿಕ್ಕಿಲ್ಲ.

ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವು ಆಡಿಕೊಂಡರೂ ಸರಿಯೇ. ಅಂದು ನಾವು ಹೊರಟಾಗ ಮಳೆ ಶುರುವಾಗಿತ್ತು. ಕಾಕ್ ಸಿತಿ ಕಾರಿನವರೆಗೆ ಕೊಡೆ ಹಿಡಿದು ಬಂದು, ಕುದುರೆಯ ಹತ್ತಿರ ಆಡಿದ್ದು ಯಾವ ಭಾಷೆ ಎಂದು ಸುಹಾಸನನ್ನೇ ಕೇಳಿದರು. ಈ ಪ್ರಶ್ನೆಗೆ ಅವನ ಉತ್ತರ ಅಲ್ಲಿಯವರೆಗೂ ಒಂದೇ ಆಗಿತ್ತು: ಅದು ನಮ್ಮಮ್ಮನ ಭಾಷೆ. ಅಂದು ಅವನು ಉತ್ತರಕ್ಕಾಗಿ ನನ್ನ ಮುಖವನ್ನೂ ನೋಡಲಿಲ್ಲ.

“ಕನ್ನಡ,” ಎಂದ. “ನನ್ ಭಾಷೆ.”